ಗ್ರಂಥಾಲಯದ ಹಿತ್ತಲಿನ ಬೆರಕೆ ಸೊಪ್ಪು

ಶ್ರೀರಾಂಪುರದ ಹತ್ತಿರ ನಮ್ಮೂರ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ಮಕ್ಕಳಿಗೆ ಊಟ-ತಿಂಡಿಯ ಪಾಠ ಹೇಳಿ, ಹಿತ್ತಲಲ್ಲಿ ಕೈತೋಟ ಮಾಡಿಸುವ ಗ್ರಂಥಾಲಯಗಳಿಗೆ ಅನುದಾನ ಸಿಗುತ್ತದೆಂದು ಕೇಳಿ ಅರ್ಜಿ ಹಾಕಿದೆ. ಬುದ್ಧಿ ಎಲ್ಲಿಟ್ಟಿದ್ದೆನೋ, ಬೆಳೆಗಳ ಪಟ್ಟಿಯನ್ನು ಬೇರೆ ಯಾವುದೋ ಜಿಲ್ಲೆಯ ಅರ್ಜಿ ನೋಡಿ ಇಳಿಸಿಕೊಂಡಿದ್ದೆ: ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು. ಮೊದಲ ಕಂತಿನಲ್ಲಿ ಬೇಲಿ, ಬೀಜ ಆಯಿತು. ಎರಡನೆಯದರಲ್ಲಿ ನೀರಿನ ತೊಟ್ಟಿ ಆಗಬೇಕಿತ್ತು. ತೊಟ್ಟಿ ಇಲ್ಲದಿದ್ದರೆ ಬೇಸಿಗೆಯಲ್ಲಿ ತೋಟ ಉಳಿಯುವ ಮಾತೇ ಇಲ್ಲ.

ಹಿತ್ತಲು ಬರೀ ಗರಸು ನೆಲ. ಹೊಲಕ್ಕೆ ಗೊಬ್ಬರ ಬೇಕಾದರೆ ಕುರಿಮಂದೆ ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಓದಲು ಬರುವ ಒಬ್ಬ ಹುಡುಗಿಯ ಅಪ್ಪ ಕುರಿ ಸಾಕಿದವರು. ಕೇಳಿದ್ದಕ್ಕೆ ಒಂದು ವಾರ ಮಂದೆ ತಂದು ನಿಲ್ಲಿಸಿದರು. ಆಮೇಲೆ ಬೀಜ ಬಿತ್ತಿದೆವು. ಮಳೆ ಬಿದ್ದ ಮೇಲೆ ನೋಡಿದರೆ ಕ್ಯಾರೆಟ್ ಕಿರುಬೆರಳಷ್ಟೂ ಆಗಿರಲಿಲ್ಲ. ಅಣ್ಣೆ, ಗೋಣಿ, ಕಿರಕಸಾಲೆ ಸೊಪ್ಪು ಮಾತ್ರ ಕಾಲಿಡಲು ಜಾಗವಿಲ್ಲದಂತೆ ಎದ್ದಿದ್ದವು.

ಎರಡನೆಯ ಕಂತು ಕೊಡುವ ಮುಂಚೆ ಪಟ್ಟಿಯ ಬೆಳೆ ಬಂದಿದೆಯೇ ಎಂದು ಅನುದಾನದ ಅಧಿಕಾರಿ ನೋಡಲು ಬರುವ ಹಿಂದಿನ ದಿನ ಮಕ್ಕಳಿಗೆ ಹೇಳಿದೆ: “ಕಳೆಯೆಲ್ಲಾ ಕಿತ್ತಾಕ್ರಪ್ಪ, ಸಾಲಾದ್ರೂ ಕಾಣ್ಲಿ.”

ಆ ಹುಡುಗಿ ಕೈಕಟ್ಟಿ ನಿಂತಳು. “ಅಕ್ಕ, ಇದು ಕಳೆ ಅಲ್ಲ. ನಮ್ಮನೇಲಿ ಬೆರಕೆ ಸೊಪ್ಪಿನ ಸಾರು ಮಾಡದು ಇದ್ರಲ್ಲೇ. ಇದನ್ನ ಕಿತ್ರೆ ತೋಟದಾಗೆ ಇನ್ನೇನೈತೆ?”

“ಏನವ್ವಾ, ಲಾಯರಾ ನೀನು? ಹೇಳಿದಷ್ಟು ಮಾಡು” ಎಂದು ರೇಗಿದೆ. ಅವಳು ಕದಲಲಿಲ್ಲ. ನನಗೇ ನಾಚಿಕೆಯಾಯಿತು, ನಾನೂ ಅದೇ ಸಾರು ಉಂಡು ಬೆಳೆದವಳು. ಒಂದು ಎಲೆಯನ್ನೂ ಕೀಳಿಸಲಿಲ್ಲ.

ಮಾರನೆಯ ದಿನ ಅಧಿಕಾರಿ ಪಟ್ಟಿ ಹಿಡಿದು ತೋಟ ಸುತ್ತಿದರು. ಕೆಟ್ಟವರಲ್ಲ. “ಕ್ಯಾರೆಟ್ ಬಂದಿದೆ ಅಂತ ಒಂದು ಸಾಲು ಬರೆದುಕೊಡಿ ಮೇಡಂ, ತೊಟ್ಟಿ ಮಂಜೂರು ಮಾಡಿಸ್ತೀನಿ” ಎಂದರು. ಮಕ್ಕಳು ಹಿಂದೆಯೇ ನಿಂತು ಕೇಳುತ್ತಿದ್ದರು. ತೊಟ್ಟಿಯ ಆಸೆ ನನಗೇನು ಕಡಿಮೆಯಿತ್ತೇ?

“ಆಗಲ್ಲ ಸಾರ್. ಏನು ಬಂದೈತೋ ಅದನ್ನೇ ಬರೀತೀನಿ.”

“ಹಂಗಾದ್ರೆ ಈ ವರ್ಷ ತೊಟ್ಟಿ ಇಲ್ಲ.”

“ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ.”

ಅವರು ಹೇಳಿದಂತೆಯೇ ತೊಟ್ಟಿ ಬರಲಿಲ್ಲ. ಈ ಬೇಸಿಗೆಯಲ್ಲಿ ದಿನಾ ಸಂಜೆ ಶಾಲೆಯ ನಲ್ಲಿಯಿಂದ ನಾನೂ ಮಕ್ಕಳೂ ನೀರು ಹೊರುತ್ತೇವೆ. ಮೊನ್ನೆ ಹೊಸ ಅರ್ಜಿಗೆ ಬೆಳೆಗಳ ಹೆಸರನ್ನು ಆ ಹುಡುಗಿ ಹೇಳಿದಳು, ನಾನು ಬರೆದೆ. ಕೊನೆಯಲ್ಲಿ, ಬೇಕಾದದ್ದು ಏನು ಎಂಬ ಜಾಗದಲ್ಲಿ, ‘ನೀರಿನ ತೊಟ್ಟಿ’ ಎಂದು ಇನ್ನೊಮ್ಮೆ ದಪ್ಪಕ್ಷರದಲ್ಲಿ ಬರೆದು, ಬಿಂದಿಗೆ ಎತ್ತಿಕೊಂಡು ಹೊರಟೆ.