ಅಳಿವೆಯ ಮರಳಲ್ಲಿ ಬರೆದ ಭಾರತ

ಶಾಲೆಗೆಲ್ಲ ಸೇರಿ ಭಾರತದ ಒಂದೇ ಭೂಪಟವಿದ್ದ ಕಾಲ ಅದು. ಅದರಲ್ಲೂ ಗುಜರಾತನ್ನು ಗೆದ್ದಲು ತಿಂದಿತ್ತು. ಗಂಗೊಳ್ಳಿಯಲ್ಲಿ ಆರನೇ ತರಗತಿಯಲ್ಲಿದ್ದ ನಮಗೆ ದೇಶ ಅಂದರೆ ಮುಂಬೈ ಬಸ್ಸು ಹೋಗುವಷ್ಟು ದೂರ, ಅಷ್ಟೆ. ಅದರಾಚೆ ಏನಿದೆಯೆಂದು ತೋರಿಸಲು, ಘಟ್ಟದ ಮೇಲಿನಿಂದ ಬಂದಿದ್ದ ನಮ್ಮ ಸಮಾಜ ಮಾಷ್ಟ್ರಿಗೆ ಒಂದು ಹುಚ್ಚು ಹತ್ತಿತು. ನೀರು ಇಳಿದಾಗ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಏಳುವ ಮರಳ ಮೇಲೆ ಇಡೀ ಭಾರತವನ್ನು ಬರೆಯುವುದು, ಒಂದೊಂದು ರಾಜ್ಯಕ್ಕೆ ಒಬ್ಬೊಬ್ಬರನ್ನು ನಿಲ್ಲಿಸುವುದು.

ನೀರು ಏರಿಳಿಯುವ ಹೊತ್ತು ಕೇಳಿಬರಲು ನನ್ನನ್ನೇ ಕಳಿಸಿದರು. ನನ್ನಜ್ಜ ದೋಣಿಯವರು.

"ಶನಿವಾರ ಐದೂವರೆ ತನಕ ನೀರ್ ಏರುದಿಲ್ಲೆ ಅಂತ ಹೇಳ್ ನಿಮ್ ಮಾಷ್ಟ್ರಿಗೆ" ಎಂದರು ಅಜ್ಜ. "ಅಮಾಸೆ ನೀರ್ ಅದ್. ಏರುಕೆ ಹಿಡ್ದ್ರೆ ಮತ್ತೆ ಯಾರ್ ಮಾತೂ ಕೇಂಬುದಿಲ್ಲೆ."

ಗುರುವಾರ ಮಾಷ್ಟ್ರು ತರಗತಿಗೆ ಬಂದವರೇ, ಶನಿವಾರ ತಾನು ಊರಿಗೆ ಹೋಗಬೇಕಾಗಿದೆ, ನಾಳೆಯೇ ಮಾಡೋಣ ಎಂದರು. "ನಿಮ್ಮಜ್ಜ ಐದೂವರೆ ಅಂದಿದ್ದಾರಲ್ಲಮ್ಮ?"

ಒಂದು ದಿನ ಮೊದಲಾದರೆ ನೀರೂ ಮುಕ್ಕಾಲು ಗಂಟೆ ಮೊದಲೇ ತಿರುಗುತ್ತದೆ. ನಮ್ಮೂರ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುವುದೇ ಅದನ್ನು. ಆದರೆ ನಾನು ಪಂಜಾಬು. ಅಮ್ಮನ ಕೆಂಪು ಸೀರೆಯ ಪೇಟ ಸುತ್ತಿ ನೋಡಿಕೊಂಡಾಗಿತ್ತು. ಕಾರ್ಯಕ್ರಮವೇ ನಿಂತರೆ?

"ಹೌದು ಸರ್" ಅಂದೆ.

ಶುಕ್ರವಾರ ನಾಲ್ಕು ಗಂಟೆಗೆ ಮರಳು ತಣ್ಣಗೆ, ಗಟ್ಟಿಯಾಗಿತ್ತು. ಐಸ್ ಪ್ಲಾಂಟಿನ ಘಾಟು, ಒಣಮೀನಿನ ವಾಸನೆ ಗಾಳಿಯಲ್ಲಿತ್ತು. ಕಪ್ಪೆಚಿಪ್ಪುಗಳಿಂದ ಗಡಿ ಎಳೆದೆವು. ಹಸಿ ಮರಳು ಗುಡ್ಡೆ ಹಾಕಿ ಹಿಮಾಲಯ ಮಾಡಿದೆವು, ಹಿಮ್ಮಡಿಯಿಂದ ಗಂಗೆಯನ್ನು ಎಳೆದೆವು. ಬೈಂದೂರು ಕಡೆಗೆ ಉತ್ತರ, ಸಮುದ್ರದ ಕಡೆಗೆ ಪಶ್ಚಿಮ; ದಿಕ್ಕು, ಅಳತೆ ಯಾವುದೂ ತಪ್ಪಬಾರದೆಂದು ಮಾಷ್ಟ್ರ ಹಟ. ಹಾಗಾಗಿ ಲಕ್ಷದ್ವೀಪ ದೂರವಾಯಿತು. ನಡುವೆ ಕಾಲ್ಗಂಟು ಮುಳುಗದಷ್ಟು ನೀರಿದ್ದ ಒಂದು ತಗ್ಗು, ಅದರಾಚೆಯ ದಿಬ್ಬದ ಮೇಲೆ ನನ್ನ ಗೆಳತಿ ಜಲಜ. ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಿ ಅವಳು. ಅವಳ ಸರದಿ ಕೊನೆಯದು.

"ನಿಮ್ಮ ರಾಜ್ಯದ ಮಾತು ಮುಗಿಯುವವರೆಗೆ ಯಾರೂ ಕದಲಬಾರದು" ಎಂದರು ಮಾಷ್ಟ್ರು.

ಕಾಶ್ಮೀರ ಸೇಬಿನ ಕಥೆ ಹೇಳಿತು. ಮಹಾರಾಷ್ಟ್ರ ಮನೆಯಿಂದ ತಂದ ವಡಾಪಾವ್ ಹಂಚಿತು. "ಹ್ವಾಯ್ ಅಸ್ಸಾಂ, ಚಾ ಎಲ್ಲಿತ್ತ್?" ಎಂದು ರಾಜಸ್ಥಾನ ಕೂಗಿದಾಗ ಮಾಷ್ಟ್ರೂ ನಕ್ಕರು. ನಾನು ನಗಲಿಲ್ಲ. ತಗ್ಗಿನಲ್ಲಿ ಸಮುದ್ರದ ಕಡೆ ತೇಲುತ್ತಿದ್ದ ಒಂದು ತೆಂಗಿನ ಗರಿ ನಿಂತಿತು. ಆಮೇಲೆ ನಿಧಾನಕ್ಕೆ ನಮ್ಮ ಕಡೆ ಬರತೊಡಗಿತು.

ಆಗಲೂ ಕೂಗಬಹುದಿತ್ತು. ಕೂಗಿದ್ದರೆ ನನ್ನ ಸುಳ್ಳು ಗೊತ್ತಾಗುತ್ತಿತ್ತು.

ಏರುವ ನೀರು ಎದುರಿನಿಂದ ಬರುವುದಿಲ್ಲ, ಬೆನ್ನ ಹಿಂದಿನಿಂದ ಬರುತ್ತದೆ. ತಮಿಳುನಾಡು ಮಾತು ಮುಗಿಸುವಷ್ಟರಲ್ಲಿ ತಗ್ಗು ತುಂಬಿ ಹರಿಯುತ್ತಿತ್ತು. ಕೇರಳದ ಗಡಿಯ ಚಿಪ್ಪುಗಳು ಒಂದೊಂದಾಗಿ ಕಾಣದಾದವು.

"ಜಲಜಾ, ಓಡ್ ಬಾ ಹೆಣೆ!" ಕೊನೆಗೂ ಕಿರುಚಿದೆ.

ಅವಳು ಬರಲಿಲ್ಲ. ಮೊಣಕಾಲ ನೀರಲ್ಲಿ ಕೈಕಟ್ಟಿ ನಿಂತು ಬಾಯಿಪಾಠ ಮಾಡಿದ ಮಾತು ಶುರುಮಾಡಿದಳು. ಗಾಳಿಗೆ ನಮಗೆ ಕೇಳಿಸಿದ್ದು ತುಂಡು ತುಂಡು: "ನಮ್ಮ ಸುತ್ತಲೂ ನೀರು..." ದಿಬ್ಬ ಅವಳ ಕಾಲಡಿಯಿಂದ ಕುಸಿಯಿತು. ಈಜು ಬಾರದ ಮಾಷ್ಟ್ರು ಸೊಂಟದವರೆಗೆ ನುಗ್ಗಿ, ಅಲ್ಲೇ ಸಿಕ್ಕಿಕೊಂಡು "ಅಮ್ಮಾ, ಅಮ್ಮಾ" ಎನ್ನುತ್ತಿದ್ದರು. ಮರಳ ಮೇಲೆ ನಿಂತಿದ್ದ ಇಡೀ ಭಾರತ ಅಳುತ್ತಿತ್ತು.

ಆಚೆ ದಡದಲ್ಲಿ ಚಿಪ್ಪು ಹೆಕ್ಕುತ್ತಿದ್ದ ಮುದುಕರೊಬ್ಬರು ಪಾತಿ ದೋಣಿ ಹಾಕಿ ಬಂದು, ಜಡೆ ಹಿಡಿದು ಅವಳನ್ನು ಎತ್ತಿದರು. ಕಕ್ಕಿದಳು, ಕಣ್ಣು ಬಿಟ್ಟಳು.

ಮೀನು ಒಣಗಿಸುತ್ತಿದ್ದ ಕೈಯಲ್ಲೇ ಓಡಿಬಂದ ಅವಳಮ್ಮ ಯಾರನ್ನೂ ಬೈಯಲಿಲ್ಲ. "ನನ್ನ ಮಗಳ್ ದೇಶ ಕಂಡದ್ ಸಾಕ್" ಎಂದಷ್ಟೇ ಹೇಳಿ ಎತ್ತಿಕೊಂಡು ಹೋದರು. ಸೋಮವಾರ ಜಲಜ ಶಾಲೆಗೆ ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಮಾಷ್ಟ್ರು ಬೇಸಿಗೆ ರಜೆಗೆ ಮೊದಲೇ ವರ್ಗ ಮಾಡಿಸಿಕೊಂಡು ಹೋದರು. ಎಲ್ಲರೂ ಅವರನ್ನೇ ದೂರಿದರು. ನನ್ನನ್ನು ಯಾರೂ ಕೇಳಲಿಲ್ಲ.

ನಾನು ಕಾಲೇಜು ಓದಿದೆ. ರೈಲಿನಲ್ಲಿ ನಿಜವಾದ ಪಂಜಾಬನ್ನು ದಾಟಿದೆ. ಕಿಟಕಿಯಾಚೆ ಗೋಧಿ ಹೊಲ ಬಾಗಿದಾಗಲೂ ನನಗೆ ಕಂಡದ್ದು ಏರುವ ನೀರೇ.

ಕಳೆದ ತಿಂಗಳು ಮೀನು ಮಾರ್ಕೆಟಿನಲ್ಲಿ, ಬುಟ್ಟಿಯ ಹಿಂದೆ ಕುಳಿತಿದ್ದ ಜಲಜಳ ಎದುರು ಕುಕ್ಕರಗಾಲಲ್ಲಿ ಕೂತು ಹೇಳಿಬಿಟ್ಟೆ. "ಅವತ್ ನೀರ್ ಬೇಗ ತಿರುಗ್ತ್ ಅಂತ ನಂಗೆ ಗೊತ್ತಿತ್ತ್."

ಬಂಗುಡೆಗೆ ನೀರು ಚಿಮುಕಿಸುತ್ತಿದ್ದ ಕೈ ನಿಲ್ಲಲಿಲ್ಲ. "ನಂಗೆ ಗೊತ್ತಿಲ್ದೆ ಇತ್ತಾ ಮಾರಾಯ್ತಿ? ನಾನೆಂತ ಘಟ್ಟದ್ ಮೇಲ್ ಹುಟ್ಟಿದ್ನಾ?"

"ಮತ್ತೆ ಎಂತಕ್ಕೆ ನಿಂತದ್ದ್?"

"ಎಂಟ್ ದಿನ ಬಾಯಿಪಾಠ ಮಾಡಿದ್ದೆ. ಹೇಳ್ದೆ ಬಪ್ಪುಕೆ ಆತ್ತಾ?" ನಕ್ಕಳು. ಆಮೇಲೆ ಬುಟ್ಟಿಯನ್ನೇ ನೋಡುತ್ತ, "ಎಂತ ಇದ್ದಿತ್ತ್ ಅದ್ರಗೆ, ಈಗ ಒಂದಕ್ಷರ ನೆನ್ಪಿಲ್ಲೆ ಕಾಣ್" ಎಂದಳು.