ಹಾಯಿದೋಣಿಗೆ ಬೋರಿನ ತಂತಿ

ಸಾಣಾಪುರದ ಕೆರೆಗೆ ಪ್ರವಾಸಿಗರಿಗೆಂದು ತಂದಿದ್ದ ಒಂದು ಹಾಯಿದೋಣಿಯ ರಿಪೇರಿಗೆ ಹೋಗಿದ್ದೆ. ಹಾಯಿಕಂಬವನ್ನು ಮೂರು ಕಡೆಯಿಂದ ಎಳೆದು ಹಿಡಿಯುವ ಉಕ್ಕಿನ ತಂತಿಗಳು ಎಳೆಎಳೆಯಾಗಿ ಬಿಚ್ಚಿಕೊಂಡಿದ್ದವು. ಗಾಳಿ ಜೋರಾದರೆ ಕಂಬ ಕೂತವರ ತಲೆಯ ಮೇಲೇ ಬೀಳುವಂತಿತ್ತು. ಹೊಸ ತಂತಿ ಹುಡುಕುತ್ತ ಗಂಗಾವತಿಯ ಬೋರ್‌ವೆಲ್ ಸಾಮಾನಿನ ಅಂಗಡಿಗೆ ಹೋದೆ; ಬೋರಿನೊಳಗೆ ಪಂಪು ಇಳಿಬಿಡುವುದೂ ಅಂಥದೇ ತಂತಿಯಲ್ಲಿ.

"ಬೋಟಿಗೆ ಸ್ಟೀಲ್ ತಂತಿ ಬೇಕ್ರಿ."

ಅಂಗಡಿಯ ಇಮಾಮ್‌ಸಾಬರು ತಲೆ ಎತ್ತದೆ ಕೇಳಿದರು, "ಎಷ್ಟು ಅಡಿ ಬೋರು?"

"ಬೋರಲ್ರಿ, ಬೋಟು. ಇಪ್ಪತ್ತಡಿ ಐತಿ."

"ಇಪ್ಪತ್ತಡಿಗೇ ನೀರು ಬಿತ್ತೇನ್ರಿ? ಭಾಳ ಪುಣ್ಯವಂತರದೀರಿ!"

ಮೊಬೈಲಿನಲ್ಲಿ ದೋಣಿಯ ಫೋಟೊ ತೋರಿಸಿದೆ. ಮೋಟಾರಿಲ್ಲದೆ ಅದು ಹೋಗುತ್ತದೆ ಎಂದರೆ ಅವರು ನಂಬಲಿಲ್ಲ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ತಂತಿಯ ಸುರುಳಿ ಹೆಗಲಿಗೇರಿಸಿ ನನ್ನ ಜೊತೆಗೇ ಹೊರಟರು.

ಕೆರೆಯ ದಡದಲ್ಲಿ ಮೂರೂ ತಂತಿಗಳನ್ನು ಅವರೇ ಬಿಗಿದರು. ಬೆರಳಿನಿಂದ ಮೀಟಿ, "ಇನ್ನ ಆನಿ ಕಟ್ರಿ, ತಡೀತೈತಿ" ಎಂದರು. ಒಂದು ಸುತ್ತು ಹೋಗಲೇಬೇಕೆಂದು ಹಟ ಹಿಡಿದು, ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ಕೂತರು. ಕೆರೆಯ ನಡುವೆ ಬಂದಾಗ ಗಾಳಿ ನಿಂತಿತು. ಹಾಯಿ ಜೋತುಬಿತ್ತು. ದೋಣಿ ಅಲುಗಲಿಲ್ಲ.

ಇಮಾಮ್‌ಸಾಬರು ಕಂಬದ ಬುಡವನ್ನೆಲ್ಲ ತಡವಿ ನೋಡಿ ಮೆಲ್ಲಗೆ ಕೇಳಿದರು, "ಚಾಲೂ ಮಾಡೂ ಸ್ವಿಚ್ ಎಲ್ಲೈತ್ರಿ?"

ಒಂದು ತಾಸಿನ ಮೇಲೆ ಹರಗೋಲಿನವನೊಬ್ಬ ನಗುತ್ತ ಬಂದು, ಹಗ್ಗ ಕಟ್ಟಿ ನಮ್ಮನ್ನು ದಡಕ್ಕೆ ಎಳೆದೊಯ್ದ.

ಇಳಿದವರೇ ಇಮಾಮ್‌ಸಾಬರು ಹೇಳಿದರು, "ತಂತಿ ನಂದು, ಗಾಳಿ ನಿಮ್ದು. ನನ್ನ ಮ್ಯಾಲ ಹಾಕಬ್ಯಾಡ್ರಿ."

ಇಷ್ಟು ಸ್ಪಷ್ಟವಾದ ಗ್ಯಾರಂಟಿಯನ್ನು ನನಗೆ ಈವರೆಗೆ ಯಾವ ಅಂಗಡಿಯವರೂ ಕೊಟ್ಟಿರಲಿಲ್ಲ.