ಬೋಳು ಹಣೆಯ ನರ್ಸಬಾಯಿ

ಸಾವಿರದೊಂಬೈನೂರ ಇಪ್ಪತ್ತರ ದಶಕದಲ್ಲಿ ನಾನು ಬೆಳಗಾವಿಯ ದವಾಖಾನೆಯೊಂದರಲ್ಲಿ ನರ್ಸಾಗಿದ್ದೆ. ಹುಚ್ಚಿಗೆಂದು ಆಗ ಬೇರೆ ಮದ್ದೇನಿತ್ತು? ತಲೆ ಬೋಳಿಸಿ ನೆತ್ತಿಗೆ ಒದ್ದೆ ಬಟ್ಟೆ ಹಾಕುವುದು, ಒಡೆದು ಚುಚ್ಚಿಕೊಂಡಾರೆಂದು ಗಾಜಿನ ಬಳೆ ತೆಗೆಯುವುದು. ಅದಕ್ಕೂ ಬಗ್ಗದಿದ್ದರೆ ಧಾರವಾಡದ ಹುಚ್ಚರ ಆಸ್ಪತ್ರೆ. ಅಲ್ಲಿಗೆ ಹೋದ ಹೆಂಗಸನ್ನು ಯಾವ ಮನೆಯವರಾದರೂ ತಿರುಗಿ ಕರೆಸಿಕೊಂಡದ್ದನ್ನು ನಾನಂತೂ ಕಾಣೆ.

ಖಾನಾಪುರದ ಆ ಬಾಣಂತಿಯನ್ನು ರೈಲಿನಲ್ಲಿ ಕೂಡಿಸಲು ಅಂಜಿ, ಕೈಕಟ್ಟಿ ಎತ್ತಿನ ಗಾಡಿಯಲ್ಲಿ ತಂದರು. ಹೆರಿಗೆಯಾದ ಮೇಲೆ ಜ್ವರ ಏರಿ, ಕೂಸು ತನ್ನದಲ್ಲವೆಂದು ಕೂಗಾಡಿದ್ದಳಂತೆ. ಬಂದ ದಿನವೇ ತಲೆ ಬೋಳಿಸಿದರು, ಬಳೆ ತೆಗೆದರು; ಮೈ ಒರೆಸುವಾಗ ಕುಂಕುಮವೂ ಹೋಯಿತು. ಮನೆಯವರನ್ನು ಕಂಡರೆ ರೋಗಿ ಕೆರಳುತ್ತಾಳೆಂದು ಡಾಕ್ಟರು ಗಂಡನಿಗೆ ಬರಬೇಡವೆಂದರು.

ಜ್ವರ ಇಳಿಯಿತು, ಕೂಗಾಟ ನಿಂತಿತು. ಆದರೆ ಅವಳು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ದಿನಕ್ಕೆ ಒಪ್ಪತ್ತು ಮಾತ್ರ ಉಣ್ಣುತ್ತಿದ್ದಳು, ಹಾಸಿಗೆ ಬಿಟ್ಟು ಬರಿ ನೆಲದ ಮೇಲೆ ಮಲಗುತ್ತಿದ್ದಳು. ಹುಚ್ಚು ಒಳಕ್ಕೆ ಇಳಿದಿದೆ, ಇನ್ನೊಂದು ವಾರ ನೋಡಿ ಧಾರವಾಡಕ್ಕೆ ಕಳಿಸೋಣವೆಂದರು ಡಾಕ್ಟರು. ಆ ಒಪ್ಪತ್ತು, ಆ ಬರಿ ನೆಲ, ಎಲ್ಲೋ ನೋಡಿದ್ದೆನಲ್ಲ ಅನ್ನಿಸುತ್ತಿತ್ತು ನನಗೆ. ಎಲ್ಲೋ ಏನು ಬಂತು, ನಾನೇ ಹಾಗೆ ಬದುಕಿದ್ದೆ. ಸೀರೆಯಲ್ಲ, ಪರಕಾರ ತೊಡುವ ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು ನಾನು. ಅಣ್ಣ ಊರವರ ಬಾಯಿಗೆ ಬಿದ್ದು ನರ್ಸಿಂಗ್ ಕಲಿಸದಿದ್ದರೆ ಆ ಮೂಲೆಯಲ್ಲೇ ಇರುತ್ತಿದ್ದೆ.

ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಅವಳು ನನ್ನ ಬಳೆಯಿಲ್ಲದ ಕೈ ಹಿಡಿದುಕೊಂಡಳು.

"ನಿಮ್ಮವರು ಹೋದದ್ದು ನಿಮಗರೆ ಯಾರು ಹೇಳಿದ್ರು, ಬಾಯಾರ? ನಮ್ಮವರು ಹ್ಯಾಂಗ ಹೋದ್ರಂತ ನನಗ ಯಾರೂ ಹೇಳವಲ್ಲರು."

ನಮ್ಮಂಥ ಮನೆಗಳಲ್ಲಿ ಹೆಂಗಸಿನ ತಲೆ ಬೋಳಿಸುವುದು ಗಂಡ ಸತ್ತಾಗಲೇ. ಎಚ್ಚರವಾದಾಗ ಅವಳು ತಲೆ, ಕೈ, ಹಣೆ ಮುಟ್ಟಿ ನೋಡಿಕೊಂಡಿದ್ದಳು. ಎದುರಿಗೆ ನಾನೊಬ್ಬಳು ಬೋಳು ಹಣೆಯವಳು ನಿಂತಿದ್ದೆ. ಇದರಲ್ಲಿ ಹುಚ್ಚೆಲ್ಲಿ ಬಂತು? ಗಂಡ ಗಟ್ಟಿಮುಟ್ಟಾಗಿದ್ದಾನೆಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ಡಾಕ್ಟರು ಒಳ್ಳೆಯವರೇ, ದೂರದ ಸೀಮೆಯವರು. ಗಂಡನನ್ನು ಕರೆಸಿರೆಂದರೆ, ಕೂದಲಿಗೂ ಗಂಡನಿಗೂ ಏನು ಸಂಬಂಧವೆಂದು ಕೇಳಿದರು. ಜಗಳಾಡಿ ರಜೆ ಪಡೆದು ಖಾನಾಪುರದ ರೈಲು ಹತ್ತಿದೆ. ಅವಳ ಅತ್ತೆ ಎಲ್ಲಿಗೋ ಹೊರಟು ಹೊಸ್ತಿಲು ದಾಟುತ್ತಿದ್ದಳು; ನನ್ನ ಹಣೆ ನೋಡಿದ್ದೇ ಅಪಶಕುನವೆಂದು ಒಳಗೆ ಹೋಗಿ ಕೂತು, ನೀರು ಕುಡಿದು ಹೊರಬಂದಳು. ನನಗದು ಹೊಸದಲ್ಲ. ಮಗ ಮಾತ್ರ ಸಂಗತಿ ಕೇಳಿ, ಕಟ್ಟಿಗೆ ವಖಾರಿಯ ಕೆಲಸ ಅಲ್ಲಿಗೇ ಬಿಟ್ಟು ನನ್ನ ಸಂಗಡ ಹೊರಟ.

ವಾರ್ಡಿನ ಬಾಗಿಲಲ್ಲಿ ನಿಂತು ಅವನು ಕೆಮ್ಮಿದ. ಅವಳು ತಿರುಗಿ, ಬಹಳ ಹೊತ್ತು ನೋಡಿದಳು. ಆಮೇಲೆ ಗಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡು, "ಕೂಸು ಎಲ್ಲದರಿ?" ಎಂದಳು. ಆ ಸಂಜೆ ಅವಳು ಎರಡನೆಯ ಊಟ ಮಾಡಿದಳು.

ಕೂದಲು ಬರುವ ತನಕ ಸೊಸೆ ಮನೆಗೆ ಬೇಡವೆಂದು ಅತ್ತೆ ಹಟ ಹಿಡಿದಳು. ಅಷ್ಟು ದಿನ ಆ ಮೋಟುಗೂದಲಿಗೆ ನಾನೇ ಎಣ್ಣೆ ಹಚ್ಚಿದೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಕೂಸಿನ ಮಾತಾಡುತ್ತಿದ್ದಳು. ನನಗೆ ತಂಗಿಯೊಬ್ಬಳು ಸಿಕ್ಕಂತಾಗಿತ್ತು.

ಹೊರಡುವ ದಿನ ಅತ್ತೆ ಕೂಸಿನ ಜೊತೆಗೆ ಹಸಿರು ಬಳೆಯನ್ನೂ ಕುಂಕುಮದ ಭರಣಿಯನ್ನೂ ತಂದಳು. ಸೊಸೆ ಬಳೆ ತೊಟ್ಟಳು. ನಾನು ಮೈಮರೆತು ಭರಣಿಯಲ್ಲಿ ಬೆರಳದ್ದಿ ಅವಳ ಹಣೆಗೆ ಕೈ ಚಾಚಿದೆ. ಅವಳು ಸರಕ್ಕನೆ ಹಿಂದೆ ಸರಿದಳು.

"ನೀವು ಬ್ಯಾಡ್ರಿ, ಬಾಯಾರ. ಅತ್ತಿಯವರು ಹಚ್ಚತಾರ."

ಅವಳ ತಲೆ ಪೂರ್ತಿ ನೆಟ್ಟಗಾಗಿದೆಯೆಂದು ನನಗೆ ಆಗ ಗೊತ್ತಾಯಿತು. ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಹಾಸಿಗೆಗೆ ಹೋದೆ.